ವಾರಕ್ಕೆ ಒಂದೇ ಕಥೆ ಸಾಕು

ಮಾನ್ಯ ಸಂಪಾದಕರೇ,

ಮನೆಶಾಲೆ ಕುರಿತು ಓದುಗರು ಪತ್ರಿಕೆಗಳಿಗೆ ಬರೆಯುವ ಪತ್ರಗಳಲ್ಲಿ ಬೇಕು-ಬೇಡದ ವಾದವೇ ಹೆಚ್ಚು. ಮನೆಯಲ್ಲೇ ಕಲಿಸುವುದೆಂದು ತೀರ್ಮಾನಿಸಿಬಿಟ್ಟ ಕ್ರೈಸ್ತ ಕುಟುಂಬ ಸೋಮವಾರ ಬೆಳಿಗ್ಗೆ ಮಗುವನ್ನು ಎದುರು ಕೂರಿಸಿಕೊಂಡು ಏನು ಮಾಡಬೇಕು ಎಂಬ ಮಾತು ಮಾತ್ರ ಬರುವುದಿಲ್ಲ. ಹಾಗಾಗಿ ಜೂನ್ ಬಂತೆಂದರೆ ಇಂಥ ಮನೆಗಳಲ್ಲಿ ಅಮೆರಿಕದ ಪಾಠದ ಕಂತೆಗಳು ಡೌನ್‌ಲೋಡ್ ಆಗುತ್ತವೆ. ವಾರಕ್ಕೊಂದು ಇಂಗ್ಲಿಷ್ ಅಕ್ಷರ, ಆ ಅಕ್ಷರಕ್ಕೊಂದು ಬೈಬಲ್ ಕಥೆ, ದಿನಕ್ಕೆ ಆರೇಳು ವಿಷಯ, ಬಣ್ಣದ ಪ್ರಿಂಟು ಬೇಡುವ ಹಾಳೆಗಳು. ಮೊದಲ ಬುಧವಾರದ ಹೊತ್ತಿಗೆ ತಾಯಿ ಸುಸ್ತಾಗಿರುತ್ತಾಳೆ, ಮಗು ಅಳುತ್ತಿರುತ್ತದೆ. ಅದಕ್ಕೆ ತಾಯಿಯ ಭಕ್ತಿಯಾಗಲಿ ಶ್ರಮವಾಗಲಿ ಸಾಲದ್ದು ಕಾರಣವಲ್ಲ. ಆ ಕಂತೆ ನಮ್ಮ ಮಕ್ಕಳಿಗಾಗಿ ಮಾಡಿದ್ದಲ್ಲ, ಅಷ್ಟೇ. 26 ಅಕ್ಷರಗಳ ಲೆಕ್ಕದಲ್ಲಿ ಹಂಚಿದ ವರ್ಷದೊಳಗೆ 49 ಅಕ್ಷರ, ಅದರ ಮೇಲೆ ಕಾಗುಣಿತ, ಅದರ ಮೇಲೆ ಒತ್ತಕ್ಷರ ಇರುವ ಭಾಷೆ ಹಿಡಿಸುವುದಿಲ್ಲ.

ಐದಾರು ವರ್ಷದ ಮಗುವಿಗೆ ವಾರಕ್ಕೆ ಒಂದೇ ಬೈಬಲ್ ಕಥೆ ಸಾಕು. ದಿನಕ್ಕೆ ಒಂದೂವರೆ ಗಂಟೆ ಕೂತು ಕಲಿಯುವುದು ಸಾಕು. ಓದು ಕಲಿಸುವುದನ್ನು ಬೈಬಲ್ ಕಥೆಗೆ ಕಟ್ಟಿಹಾಕಬಾರದು. ಈ ಮೂರನೆಯದನ್ನು ಬಹಳ ಮನೆಗಳು ಒಪ್ಪುವುದಿಲ್ಲ, ಆದರೆ ಹೆಚ್ಚು ಹಾನಿಯಾಗುವುದು ಅಲ್ಲೇ.

ಒಂದು ವಾರವನ್ನೇ ಹಿಡಿದು ನೋಡೋಣ. ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಮೂರು ಸಾಮ್ಯಗಳಿವೆ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆಗಳು: ಕಳೆದುಹೋದ ಕುರಿ, ಕಳೆದುಹೋದ ನಾಣ್ಯ, ತಪ್ಪಿಹೋದ ಮಗ. ಕುರಿಯ ಕಥೆ 4ರಿಂದ 7ರವರೆಗೆ ನಾಲ್ಕೇ ವಚನ, ನಾಣ್ಯದ್ದು 8ರಿಂದ 10ರವರೆಗೆ ಮೂರೇ ವಚನ. ಎರಡೂ ಒಂದೇ ಮಾತನ್ನು ಹೇಳುವುದರಿಂದ ಒಂದು ವಾರಕ್ಕೆ ಒಂದೇ ಕಥೆಯಂತೆ ಸಾಗುತ್ತವೆ. ಮನೆಯಲ್ಲಿ ಆರು ವರ್ಷದ್ದೊಂದು, ನಾಲ್ಕು ವರ್ಷದ್ದೊಂದು ಮಗು ಇದ್ದರೆ ಇನ್ನೂ ಅನುಕೂಲ: ದೊಡ್ಡದಕ್ಕೆ ನೂರು ಕುರಿ, ಚಿಕ್ಕದಕ್ಕೆ ಹತ್ತು ನಾಣ್ಯ.

ಭಾನುವಾರ ರಾತ್ರಿ ತಂದೆಯೋ ತಾಯಿಯೋ ಆ ಭಾಗವನ್ನು ಮೂರು ಸಲ ಓದಿ ಪುಸ್ತಕ ಮುಚ್ಚಿಡಲಿ. ಸೋಮವಾರ ಕಥೆಯನ್ನು ಓದಬಾರದು, ಹೇಳಬೇಕು. ನಾಲ್ಕೈದು ನಿಮಿಷ ಮೀರಬಾರದು. ಯಾವ ಭಾಷೆಯಲ್ಲಿ? ಮಗು ಹಸಿವಾದಾಗ ಯಾವ ಭಾಷೆಯಲ್ಲಿ ಊಟ ಕೇಳುತ್ತದೋ ಆ ಭಾಷೆಯಲ್ಲಿ. ಕರ್ನಾಟಕದ ಕ್ರೈಸ್ತ ಮನೆಗಳಲ್ಲಿ ಅದು ಕನ್ನಡವೇ ಆಗಬೇಕಿಲ್ಲ. ಕೊಂಕಣಿ, ತುಳು, ತಮಿಳು, ತೆಲುಗು ಯಾವುದಾದರೂ ಆದೀತು. ಹೇಳಿ ಮುಗಿದ ಮೇಲೆ ಬೈಬಲ್ ತೆರೆದು 4ರಿಂದ 6ನೇ ವಚನದವರೆಗೆ ಮಾತ್ರ ನಿಧಾನವಾಗಿ ಓದಿ, ಬೆರಳಿಟ್ಟು ತೋರಿಸಿ. ಅಮ್ಮ ಹೇಳಿದ ಕಥೆ ಅಮ್ಮನದಲ್ಲ, ಈ ಪುಸ್ತಕದ್ದು ಎಂದು ಮಗುವಿಗೆ ಗೊತ್ತಾಗಲು ಅಷ್ಟು ಸಾಕು.

ಕಥೆಯನ್ನು ಕುರಿಯಿಂದ ಶುರುಮಾಡಬೇಡಿ. ಅಧ್ಯಾಯದ ಮೊದಲ ಎರಡು ವಚನಗಳಿಂದ ಶುರುಮಾಡಿ. ಊರವರು ದೂರ ಇಟ್ಟ ಜನರ ಜೊತೆ ಯೇಸು ಕೂತು ಊಟ ಮಾಡುತ್ತಾನೆ ಎಂದು ಕೆಲವರು ಗೊಣಗಿದರು, ಆ ಗೊಣಗಾಟಕ್ಕೆ ಉತ್ತರವಾಗಿ ಅವನು ಹೇಳಿದ ಕಥೆ ಇದು. ಯಾರು ಯಾರ ಪಕ್ಕ ಕೂತು ಉಣ್ಣುತ್ತಾರೆ, ಯಾರನ್ನು ಕರೆಯುವುದಿಲ್ಲ ಎಂಬುದು ಆರು ವರ್ಷದ ಮಗುವಿಗೆ ಚೆನ್ನಾಗಿ ಅರ್ಥವಾಗುತ್ತದೆ. ಈ ಭಾಗ ಬಿಟ್ಟರೆ ಕಳೆದದ್ದು ಸಿಕ್ಕಿತು ಎಂಬಷ್ಟೇ ಉಳಿದು ಕಥೆಯ ಜೀವ ಹೋಗುತ್ತದೆ.

ಮಂಗಳವಾರ ಹೇಳುವ ಸರದಿ ಮಗುವಿನದು. ತಪ್ಪಿದ್ದನ್ನು ನಡುವೆ ಬಾಯಿ ಹಾಕಿ ತಿದ್ದಬೇಡಿ. ಮಗು ಯಾವುದನ್ನು ಬಿಟ್ಟಿತು ಎಂದು ಮನಸ್ಸಿನಲ್ಲಿಟ್ಟುಕೊಂಡು ಬುಧವಾರ ಆ ಭಾಗಕ್ಕೆ ಒತ್ತು ಕೊಟ್ಟು ಮತ್ತೆ ಹೇಳಿ. ಸಾಮಾನ್ಯವಾಗಿ ಮಕ್ಕಳು ಬಿಡುವುದು ನೆರೆಹೊರೆಯವರನ್ನು ಕರೆದು ಸಂತೋಷಪಡುವ ಕೊನೆಯ ಭಾಗವನ್ನು. ಕುರಿ ಸಿಕ್ಕ ಕೂಡಲೇ ಅವರ ಪಾಲಿಗೆ ಕಥೆ ಮುಗಿಯುತ್ತದೆ.

‘ಉಳಿದ 99ನ್ನು ಅಡವಿಯಲ್ಲಿ ಬಿಟ್ಟು ಹೋದನಲ್ಲ, ತೋಳ ಬಂದರೆ?’ ಎಂದು ಮಗು ಕೇಳಿಯೇ ಕೇಳುತ್ತದೆ. ಒಳ್ಳೆಯ ಪ್ರಶ್ನೆ. ಕಾವಲಿಗೆ ಯಾರಿದ್ದರೆಂದು ಕಥೆ ಹೇಳುವುದಿಲ್ಲ. ಹಾಗೆಂದೇ ಹೇಳಿ, ‘ನಿನಗೇನನ್ನಿಸುತ್ತದೆ’ ಎಂದು ಕೇಳಿ. ಇಲ್ಲದ ಆಳನ್ನು ಕಥೆಯೊಳಗೆ ತಂದು ನಿಲ್ಲಿಸಿದರೆ ಮಗು ಅದನ್ನೂ ಬೈಬಲ್ಲಿನ ಮಾತೆಂದೇ ಹಿಡಿದುಕೊಳ್ಳುತ್ತದೆ. ಸಾಕಿದ ನಾಯಿ-ಬೆಕ್ಕು ಕಳೆದುಹೋಗಿ ಸಿಗದೇ ಇರುವ ಮನೆಯಲ್ಲಿ ಈ ಕಥೆಯನ್ನು ಕೆಲವು ತಿಂಗಳು ಮುಂದೂಡುವುದೇ ಮೇಲು.

ಬುಧವಾರ ನಾಣ್ಯದ ಕಥೆ. ಕಿಟಕಿ ಮುಚ್ಚಿ ಕೋಣೆಯನ್ನು ಕತ್ತಲು ಮಾಡಿ, ಹತ್ತು ನಾಣ್ಯಗಳಲ್ಲಿ ಒಂದನ್ನು ಮೂಲೆಯಲ್ಲಿಡಿ. ಮಗುವಿನ ಕೈಗೆ ಕಸಬರಿಗೆ, ನಿಮ್ಮ ಕೈಯಲ್ಲಿ ಟಾರ್ಚು. ಆ ಹೆಂಗಸು ದೀಪ ಹಚ್ಚಿದ್ದೂ ಗುಡಿಸಿದ್ದೂ ಏಕೆಂದು ಬಾಯಲ್ಲಿ ವಿವರಿಸುವ ಕೆಲಸ ಉಳಿಯುವುದಿಲ್ಲ. ಆ ಕಾಲದಲ್ಲಿ ಅಂಥ ಒಂದು ನಾಣ್ಯ ಕೂಲಿಯಾಳಿನ ಒಂದು ದಿನದ ಸಂಬಳದಷ್ಟು. ‘ಅಪ್ಪನ ಒಂದು ದಿನದ ದುಡಿಮೆ’ ಎಂದರೆ ಮಗುವಿಗೆ ಅದರ ಬೆಲೆ ತಿಳಿಯುತ್ತದೆ.

ಈ ವಾರದ ಲೆಕ್ಕ ಕಥೆಯಲ್ಲೇ ಕೂತಿದೆ. ತೆಂಗಿನ ಕಸಬರಿಗೆಯ ಕಡ್ಡಿಗಳನ್ನು ಬೆರಳುದ್ದಕ್ಕೆ ಮುರಿದು, ಚೂಪು ತುದಿ ತೆಗೆದು ನೂರು ಮಾಡಿಕೊಳ್ಳಿ. ಹತ್ತತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿ ಹತ್ತು ಕಟ್ಟು ಮಾಡುವ ಕೆಲಸ ಮಗುವಿನದೇ ಆಗಬೇಕು. ಅದಕ್ಕೆ ಎರಡು ದಿನ ಹಿಡಿದರೂ ಸರಿ. ಆಮೇಲೆ ‘ಒಂದು ಕುರಿ ಕಳೆದುಹೋಯಿತು, ತೆಗೆ’ ಅನ್ನಿ. ಕಟ್ಟು ಬಿಚ್ಚದೆ ಒಂದು ಕಡ್ಡಿ ತೆಗೆಯಲಾಗದು. ಬಿಚ್ಚಿದ ಮೇಲೆ ಒಂಬತ್ತು ಕಟ್ಟು, ಒಂಬತ್ತು ಬಿಡಿ ಕಡ್ಡಿ ಉಳಿಯುತ್ತವೆ: 99. ಮುಂದೆ ಎರಡನೇ ತರಗತಿಯಲ್ಲಿ ದಶಕ ಬಿಚ್ಚಿ ಕಳೆಯುವ ಲೆಕ್ಕ ಬಂದಾಗ ಮಗುವಿನ ಕೈಗೆ ಅದು ಆಗಲೇ ಗೊತ್ತಿರುತ್ತದೆ. ಹುಣಸೆ ಬೀಜದಲ್ಲೂ ಎಣಿಸಬಹುದು, ಆದರೆ ಬೀಜ ಕಟ್ಟಾಗುವುದಿಲ್ಲ, ಹತ್ತು ಎಂಬುದು ಒಂದು ವಸ್ತುವಾಗಿ ಕಣ್ಣಿಗೆ ಬೀಳುವುದಿಲ್ಲ. ಮೇಲಾಗಿ ಮೂರು ವರ್ಷದೊಳಗಿನ ತಮ್ಮನೋ ತಂಗಿಯೋ ಇದ್ದರೆ ಬೀಜ ಬಾಯಿಗೆ ಹೋಗುತ್ತದೆ. ಬರೆಯಲು ಹೇಳಿದರೆ ಕೆಲವು ಮಕ್ಕಳು 99ರ ಬದಲು 909 ಎಂದು ಬರೆಯುತ್ತಾರೆ. ‘ತೊಂಬತ್ತು’ ಬರೆದು ಅದರ ಮುಂದೆ ‘ಒಂಬತ್ತು’ ಬರೆದಿರುತ್ತಾರೆ. ಬೈಯದೆ ಕಟ್ಟುಗಳನ್ನು ಎಡಕ್ಕೆ, ಬಿಡಿ ಕಡ್ಡಿಗಳನ್ನು ಬಲಕ್ಕೆ ಇಟ್ಟು, ಪ್ರತಿ ಗುಂಪಿನ ಕೆಳಗೆ ಒಂದೊಂದೇ ಅಂಕಿ ಬರೆಸಿ. 79, 89, 99ರ ಹೆಸರುಗಳು ಕಲಸಿಹೋಗುವುದು ಸಹಜ, ಅದಕ್ಕೆ ದಿನವೂ ಬಾಯಿಲೆಕ್ಕವೇ ಮದ್ದು.

ಈಗ ಓದಿನ ಮಾತು. ಬೈಬಲ್ ಕಥೆಯ ವಾರವೆಂದು ಓದುವ ಪಾಠದಲ್ಲೂ ‘ಯೇಸು ಕ್ರಿಸ್ತ’, ‘ಸ್ವರ್ಗ’, ‘ಪ್ರಾರ್ಥನೆ’ ಎಂದು ಬರೆದು ಗೋಡೆಗೆ ಅಂಟಿಸುವ ಮನೆಗಳಿವೆ. ಆ ಪದಗಳಲ್ಲಿ ಒತ್ತಕ್ಷರವಿದೆ, ಅರ್ಕಾವತ್ತಿದೆ. ಕನ್ನಡ ಕಲಿಕೆಯಲ್ಲಿ ಕೊನೆಗೆ ಬರುವವು. ಮಗು ಅವನ್ನು ಚಿತ್ರದಂತೆ ಗುರುತಿಟ್ಟುಕೊಂಡು ಹೇಳುತ್ತದೆ, ನಾವು ಓದಿತು ಎಂದು ಹಿಗ್ಗುತ್ತೇವೆ. ಅದೇ ಅಕ್ಷರಗಳನ್ನು ಬೇರೆ ಪದದಲ್ಲಿ ತೋರಿಸಿ, ಬಾಯಿ ಕಟ್ಟುತ್ತದೆ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಎಂಬ ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿಯಲ್ಲಿ ಅಕ್ಷರಗಳು ಅ ಆ ಇ ಈ ಕ್ರಮದಲ್ಲಿ ಬರುವುದಿಲ್ಲ. ರ, ಗ, ಸ, ದ, ಅ ಮೊದಲ ಗುಂಪು, ಜ, ವ, ಮ, ಬ, ನ ಎರಡನೆಯದು. ಮೊದಲ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಗರಗಸ ಓದಬಹುದು. ಹತ್ತಾದರೆ ಮರ, ಜನ, ದನ, ನಗರ. ಗುಣಿತವಿಲ್ಲ, ಒತ್ತಿಲ್ಲ, ಮಗು ನಿಜವಾಗಿ ಓದುತ್ತದೆ. ಕ್ರೈಸ್ತ ಮನೆಶಾಲೆಗೂ ಇದಕ್ಕಿಂತ ಒಳ್ಳೆಯ ದಾರಿ ನಮಗೆ ಕಂಡಿಲ್ಲ. ‘ಕುರಿ’ ಎಂಬ ಪುಟ್ಟ ಪದಕ್ಕೂ ಎರಡು ಗುಣಿತ ಚಿಹ್ನೆ ಬೇಕು. ಮಗು ಅಲ್ಲಿಗೆ ಮುಟ್ಟಿಲ್ಲವಾದರೆ ಚಿತ್ರದ ಕೆಳಗೆ ನೀವೇ ಬರೆಯಿರಿ, ಓದಿಸಬೇಡಿ. ಒಂದನೇ ತರಗತಿಯ ಕನ್ನಡ ಪುಸ್ತಕ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ.

ಕಂಠಪಾಠಕ್ಕೆ ವಾರಕ್ಕೊಂದೇ ವಾಕ್ಯ. ಈ ವಾರಕ್ಕೆ ಕೀರ್ತನೆ 23ರ ಮೊದಲ ವಚನ ಹೇಳಿಮಾಡಿಸಿದ್ದು: ‘ಯೆಹೋವನು ನನಗೆ ಕುರುಬನು, ಕೊರತೆಪಡೆನು.’ ನಾಲ್ಕು ಪದಕ್ಕೆ ನಾಲ್ಕು ಬೆರಳು, ಐದನೆಯ ಬೆರಳಿಗೆ ‘ಕೀರ್ತನೆ ಇಪ್ಪತ್ತಮೂರು, ಒಂದು’. ಸೋಮವಾರ ಮೊದಲ ಮೂರು ಬೆರಳು ಮಾತ್ರ. ಗುರುವಾರದ ಹೊತ್ತಿಗೆ ಕೈ ತುಂಬುತ್ತದೆ. ಮಗು ಭಾನುವಾರ ಚರ್ಚಿನಲ್ಲಿ ಬೈಬಲ್ಲಿನ ಯಾವ ಅನುವಾದ ಕೇಳುತ್ತದೋ ಅದನ್ನೇ ಕಲಿಸಿ. ಕಥೋಲಿಕರು ತಮ್ಮ ಅನುವಾದದ ಮಾತನ್ನು ಹಿಡಿಯಲಿ. ಮನೆಯಲ್ಲೊಂದು, ಚರ್ಚಿನಲ್ಲೊಂದು ಆದರೆ ಎರಡೂ ನಿಲ್ಲುವುದಿಲ್ಲ.

ಗುರುವಾರ ಹೊರಗೆ ಹೋಗಿ. ಕುರಿ ಮೇಕೆ ಎರಡೂ ಕಾಣುವ ಕಡೆ ಅರ್ಧ ಗಂಟೆ ನಿಲ್ಲಿ. ಕುರಿಯ ಬಾಲ ಕೆಳಗೆ ಇಳಿಬಿದ್ದಿರುತ್ತದೆ, ಮೇಕೆಯದು ಮೇಲಕ್ಕೆ ನಿಮಿರಿರುತ್ತದೆ. ಕುರಿ ತಲೆ ತಗ್ಗಿಸಿ ಹುಲ್ಲು ಮೇಯುತ್ತದೆ, ಮೇಕೆ ಹಿಂಗಾಲ ಮೇಲೆ ನಿಂತು ಗಿಡದ ಸೊಪ್ಪು ಎಳೆಯುತ್ತದೆ. ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ, ಬೆಳಗಾವಿ ಕಡೆಯವರಿಗೆ ಕುರಿಮಂದೆ ಅಪರೂಪವಲ್ಲ. ಕುರಿಗಾಹಿಯನ್ನು ಮರ್ಯಾದೆಯಿಂದ ಮಾತನಾಡಿಸಿ, ‘ಅಣ್ಣಾ, ಒಂದು ಕುರಿ ತಪ್ಪಿಸಿಕೊಂಡರೆ ಹೇಗೆ ಗೊತ್ತಾಗುತ್ತದೆ’ ಎಂದು ಮಗುವಿನ ಬಾಯಲ್ಲೇ ಕೇಳಿಸಿ. ಈ ಕಥೆಯ ಒಳಗುಟ್ಟನ್ನು ಅವರಷ್ಟು ಬಲ್ಲವರಿಲ್ಲ. ವಿದೇಶಿ ಕಂತೆಯ ಹಾಳೆಗಳಲ್ಲಿ ಕುರಿ ಯಾವಾಗಲೂ ಬೆಳ್ಳಗೆ ಉಬ್ಬಿಕೊಂಡಿರುತ್ತದೆ. ನಮ್ಮ ದಖ್ಖನಿ ಕುರಿಗಳಲ್ಲಿ ಕಪ್ಪೇ ಹೆಚ್ಚು, ಕರಿ ಕಂಬಳಿಯಾಗುವುದು ಅದೇ ಉಣ್ಣೆ. ಮಗು ಕಪ್ಪು ಬಣ್ಣ ಎತ್ತಿಕೊಂಡರೆ ತಡೆಯಬೇಡಿ.

ಕೈಕೆಲಸ ವಾರಕ್ಕೆ ಒಂದು, ಇಪ್ಪತ್ತು ನಿಮಿಷ. ಹತ್ತಿ ಅಂಟಿಸಿ ಕುರಿ ಮಾಡುವುದಾದರೆ ಗೋಂದನ್ನು ಹತ್ತಿಗೆ ಹಚ್ಚಬಾರದು, ಅದು ಹೀರಿಕೊಂಡು ಚಪ್ಪಟೆಯಾಗುತ್ತದೆ. ಹಾಳೆಗೆ ಬೆರಳಿಂದ ತೆಳ್ಳಗೆ ಸವರಿ ಹತ್ತಿಯನ್ನು ಮೆಲ್ಲಗೆ ಒತ್ತಬೇಕು. ಕತ್ತರಿಸುವುದನ್ನೆಲ್ಲ ತಾಯಿಯೇ ಮಾಡಬೇಕಾಗುವಂಥ ಕೈಕೆಲಸಗಳನ್ನು ಕೈಬಿಡಿ.

ದಿನದ ಕ್ರಮ: ತಿಂಡಿಯಾದ ಮೇಲೆ ಹಾಡು-ಪ್ರಾರ್ಥನೆ 10 ನಿಮಿಷ, ಕಥೆ 15, ಓದು 20, ಅರ್ಧ ಗಂಟೆ ಆಟ, ಲೆಕ್ಕ 20, ಚಿತ್ರ ಅಥವಾ ಕೈಕೆಲಸ 20. ಊಟದ ನಂತರ ಪಾಠ ಬೇಡ. ಯೋಜನೆ ಹಾಕುವಾಗ ನಾಲ್ಕೇ ದಿನಕ್ಕೆ ಹಾಕಿ. ಜ್ವರ, ನೆಂಟರು, ಕರೆಂಟು ಹೋಗುವುದು ಇದ್ದದ್ದೇ, ಉಳಿದದ್ದು ಶುಕ್ರವಾರಕ್ಕೆ. ಏನೂ ಉಳಿಯದಿದ್ದರೆ ಶುಕ್ರವಾರ ಮಗು ಹಾಳೆಯನ್ನು ನಾಲ್ಕು ಮನೆ ಮಾಡಿ ಕಥೆ ಚಿತ್ರಿಸಲಿ, ಅದು ಹೇಳಿದ ಮಾತನ್ನು ಹೇಳಿದಂತೆಯೇ ಕೆಳಗೆ ಬರೆದಿಡಿ. ಸಂಜೆ ಬೀದಿಯ ಎಲ್ಲ ಮಕ್ಕಳ ಜೊತೆ ಆಟ ದಿನವೂ ಇರಬೇಕು. ಬೇರೆ ಧರ್ಮದ ಮಕ್ಕಳಿಂದ ದೂರವಿಡಲೆಂದೇ ಮನೆಶಾಲೆ ಆರಿಸಿಕೊಂಡವರು ಈ 15ನೇ ಅಧ್ಯಾಯವನ್ನು ಮೊದಲು ತಾವು ಓದಬೇಕು.

ಲೆಕ್ಕ ತಪ್ಪಿದಾಗ, ಹಟ ಮಾಡಿದಾಗ ‘ಯೇಸಪ್ಪನಿಗೆ ಇಂಥ ಮಕ್ಕಳು ಇಷ್ಟ ಇಲ್ಲ’ ಎಂದು ದಯವಿಟ್ಟು ಹೇಳಬೇಡಿ. ವಚನವನ್ನು ಹತ್ತು ಸಲ ಬರೆಯುವ ಶಿಕ್ಷೆಯನ್ನೂ ಕೊಡಬೇಡಿ. ತಪ್ಪಿಸಿಕೊಂಡ ಕುರಿಯನ್ನು ಹುಡುಕಿ ಹೆಗಲ ಮೇಲೆ ಹೊತ್ತು ತಂದ ಕಥೆಯನ್ನು ಬೆಳಿಗ್ಗೆ ಹೇಳಿ, ಹನ್ನೊಂದು ಗಂಟೆಗೆ ಈ ಮಾತು ಆಡಿದರೆ ಮಗು ನಂಬುವುದು ಎರಡನೆಯದನ್ನು.

ಕಾನೂನಿನ ಮಾತೊಂದು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ, ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ. ಆರು ದಾಟಿದ ಮೇಲೂ ಮನೆಯಲ್ಲೇ ಮುಂದುವರಿಸುವವರು ಇದನ್ನು ತಿಳಿದೇ ತೀರ್ಮಾನಿಸಬೇಕು. ಕೇಂದ್ರ ಸರ್ಕಾರದ ದೂರಶಿಕ್ಷಣ ಮಂಡಳಿಯಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ (ಎನ್‌ಐಒಎಸ್) ಮೂಲ ಶಿಕ್ಷಣದಲ್ಲಿ 3, 5, 8ನೇ ತರಗತಿಗೆ ಸಮನಾದ ಮೂರು ಹಂತಗಳಿವೆ. ಅದರ ವಿವರವನ್ನು ಮೊದಲ ವರ್ಷವೇ ವಿಚಾರಿಸಿಡುವುದು ಒಳ್ಳೆಯದು.

ಮುಂದಿನ ವಾರಕ್ಕೆ ತಪ್ಪಿಹೋದ ಮಗನ ಕಥೆ ತೆಗೆದುಕೊಳ್ಳುವವರು ಅದನ್ನು ಎರಡು ವಾರಕ್ಕೆ ಹಂಚಿಕೊಳ್ಳಲಿ. 11ರಿಂದ 32ರವರೆಗೆ 22 ವಚನಗಳಿವೆ. ಮೊದಲ ವಾರ ಮಗ ಮನೆಗೆ ಬಂದು ಔತಣವಾಗುವ 24ನೇ ವಚನಕ್ಕೆ ನಿಲ್ಲಿಸಿ. ಹೊಲದಿಂದ ಬಂದು ಸಿಟ್ಟಾಗಿ ಬಾಗಿಲಲ್ಲೇ ನಿಂತ ಅಣ್ಣನಿಗೆ ಪೂರ್ತಿ ಒಂದು ವಾರ ಬೇಕು, ಮನೆಯಲ್ಲಿ ತಮ್ಮ ತಂಗಿಯರಿರುವ ಮಗುವಿಗಂತೂ ಖಂಡಿತ.

— ಮನೆಯಲ್ಲೇ ಕಲಿಸುವ ಕೆಲವು ತಂದೆತಾಯಂದಿರು ಮತ್ತು ಸಂಡೇ ಸ್ಕೂಲ್ ಶಿಕ್ಷಕಿಯರು, ಧಾರವಾಡ