ಬೀದಿವಾರು ರೋಗ ಮಾಹಿತಿಗಾಗಿ ಪುಲಕೇಶಿನಗರ ನಿವಾಸಿಗಳ ಮನವಿ ಪತ್ರ

ಗೆ,
ಮಾನ್ಯ ಮುಖ್ಯ ಆರೋಗ್ಯಾಧಿಕಾರಿಗಳು,
ನಗರ ಪಾಲಿಕೆ, ಬೆಂಗಳೂರು.

ವಿಷಯ: ಡೆಂಗಿ ಹಾಗೂ ಇಲಿ ಜ್ವರದ (ಲೆಪ್ಟೊಸ್ಪೈರೋಸಿಸ್) ಪ್ರಕರಣಗಳನ್ನು ಪ್ರತಿ ವಾರ ಬೀದಿವಾರು ಪ್ರಕಟಿಸುವ ಮತ್ತು ಪ್ಲೇಗು ಕಾಲದ ಕಡತಗಳನ್ನು ಸಂರಕ್ಷಿಸುವ ಕುರಿತು.

ಮಾನ್ಯರೇ,

ಹಳಬರು ಇಂದಿಗೂ ಫ್ರೇಜರ್ ಟೌನ್ ಎಂದೇ ಕರೆಯುವ ನಮ್ಮ ಪುಲಕೇಶಿನಗರ ಪ್ಲೇಗಿನ ಕಾರಣದಿಂದಲೇ ಹುಟ್ಟಿದ ಬಡಾವಣೆಯೆಂಬುದು ತಮಗೆ ತಿಳಿದ ಸಂಗತಿ. 1898ರ ಆಗಸ್ಟ್‌ನಲ್ಲಿ ಬೆಂಗಳೂರನ್ನು ಹೊಕ್ಕ ಪ್ಲೇಗು ಪೇಟೆಯನ್ನೂ ದಂಡು ಪ್ರದೇಶವನ್ನೂ ವರ್ಷಗಟ್ಟಲೆ ಕಾಡಿದ ಮೇಲೆ, ಇಕ್ಕಟ್ಟಾದ ಕೇರಿಗಳ ಜನರಿಗೆ ಗಾಳಿ ಬೆಳಕಿನ ನೆಲೆ ಒದಗಿಸಲೆಂದು ರೂಪುಗೊಂಡ ಈ ಬಡಾವಣೆಗೆ 1910ರ ಹೊತ್ತಿಗೆ ಮೈಸೂರಿನ ರೆಸಿಡೆಂಟ್, ಅಂದರೆ ಬ್ರಿಟಿಷ್ ಸರ್ಕಾರದ ಪ್ರತಿನಿಧಿ, ಆಗಿದ್ದ ಸ್ಟುವರ್ಟ್ ಫ್ರೇಜರ್ ಅವರ ಹೆಸರು ಬಂತು. ಇಲಿ ಗೂಡು ಕಟ್ಟಲಾಗದಂತೆ ಇಲ್ಲಿ ಮನೆಗಳನ್ನು ಯೋಜಿಸಿದ ಬಗೆಯನ್ನು ಜೆ. ಎಚ್. ಸ್ಟೀಫನ್ಸ್ ಅವರು 1914ರಲ್ಲಿ ಅಚ್ಚು ಮಾಡಿಸಿದ್ದಾರೆ.

ಹೀಗೆ ಯೋಜಿಸಲು ಬೇಕಾದ ತಿಳಿವಳಿಕೆ ಬಹುಮಟ್ಟಿಗೆ ಬೊಂಬಾಯಿಯಿಂದ ಬಂದದ್ದು. ಅಲ್ಲಿ 1896ರಲ್ಲಿ ಮಾಂಡ್ವಿಯ ಧಾನ್ಯದ ಉಗ್ರಾಣಗಳ ಆಸುಪಾಸಿನಲ್ಲಿ ಪ್ಲೇಗು ಕಾಣಿಸಿಕೊಂಡಾಗ ಮನೆಗಳ ಬಾಗಿಲು ತೆರೆಸಿ ಶೋಧಿಸುವುದು, ರೋಗಿಗಳನ್ನು ಬಲವಂತವಾಗಿ ಸಾಗಿಸುವುದು ನಡೆಯಿತು. ಅದಕ್ಕೆ ಹೆದರಿದ ಜನ ರೋಗಿಯನ್ನಷ್ಟೇ ಅಲ್ಲದೆ ಸಾವನ್ನೂ ಮುಚ್ಚಿಟ್ಟರು. ಸರ್ಕಾರದ ಪಟ್ಟಿ ವಾಸ್ತವಕ್ಕಿಂತ ಸದಾ ಹಿಂದೆ ಉಳಿಯಿತು. 1905ರಲ್ಲಿ ಕೆಲಸ ಆರಂಭಿಸಿದ ಪ್ಲೇಗು ಸಂಶೋಧಕರು ಬೇರೆ ದಾರಿ ಹಿಡಿದರು. ಊರಿನ ನಾನಾ ಭಾಗಗಳಲ್ಲಿ ಸಿಕ್ಕಿದ ಇಲಿಗಳನ್ನು, ಯಾವುದು ಎಲ್ಲಿ ಸಿಕ್ಕಿತೆಂಬ ಚೀಟಿಯೊಡನೆ, ಪರೇಲಿನ ಪ್ರಯೋಗಾಲಯಕ್ಕೆ ತರಿಸಿ ಕೊಯ್ದು ನೋಡಿದರು. ರೋಗ ಬಂದ ಮನೆಗಳಲ್ಲಿ ಗಿನಿಯಿಲಿಗಳನ್ನು ಬಿಟ್ಟು ಇಲಿಯಿಂದ ಮನುಷ್ಯನಿಗೆ ಪ್ಲೇಗು ದಾಟಿಸುವ ಚಿಗಟಗಳು ಅವುಗಳ ಮೈಗೆ ಎಷ್ಟು ಹತ್ತಿದವೆಂದು ಎಣಿಸಿದರು. ಇಲಿಗಳಲ್ಲಿ ಪ್ಲೇಗು ಏರಿದ ಸುಮಾರು 10ರಿಂದ 14 ದಿನಗಳ ನಂತರ ಮನುಷ್ಯರಲ್ಲಿ ಅದು ಏರುತ್ತದೆಂಬುದು ಆಗ ಖಚಿತವಾಯಿತು. ಇಲಿ ಸತ್ತು ಬಿದ್ದ ಕೂಡಲೇ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದ ನಮ್ಮ ಹಿರಿಯರಿಗೆ ಇದು ಮೊದಲೇ ಗೊತ್ತಿತ್ತೆನ್ನಬೇಕು.

ಆ ಎಚ್ಚರಿಕೆ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಚೀಟಿಯಲ್ಲಿ ಜಾಗ ಮತ್ತು ದಿನಾಂಕ ಇದ್ದುದರಿಂದ. ಡೆಂಗಿಯ ವಿಷಯದಲ್ಲಿ ನಮಗೆ ಈಗ ಸಿಗುವುದು ಬಹುತೇಕ ಒಟ್ಟು ಲೆಕ್ಕ ಮಾತ್ರ. ರೋಗ ಹರಡುವ ಈಡಿಸ್ ಸೊಳ್ಳೆ ಸಾಮಾನ್ಯವಾಗಿ ತಾನು ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರ್‌ಗಿಂತ ದೂರ ಹೋಗದು. ಮಳೆ ಬಿದ್ದು ನೀರು ನಿಂತರೆ ಒಂದೆರಡು ವಾರದೊಳಗೆ ಮೊಟ್ಟೆ ಸೊಳ್ಳೆಯಾಗುತ್ತದೆ. ಹೀಗಿರುವಾಗ ವಾರ್ಡಿನಲ್ಲಿ ಇಷ್ಟು ಪ್ರಕರಣ ಎಂದು ತಿಂಗಳ ಕೊನೆಗೆ ತಿಳಿದರೆ, ಮಸೀದಿ ರಸ್ತೆಯವರು ತಮ್ಮ ಸಂಪಿನ ಮುಚ್ಚಳ ನೋಡಿಕೊಳ್ಳಬೇಕೋ, ಕೋಲ್ಸ್ ರಸ್ತೆಯ ಅರೆಕಟ್ಟಡದ ನೆಲಮಾಳಿಗೆಯಲ್ಲಿ ನಿಂತ ನೀರಿನ ಬಗ್ಗೆ ದೂರು ಕೊಡಬೇಕೋ ಯಾರಿಗೂ ಹೊಳೆಯುವುದಿಲ್ಲ. ಆಶಾ ಕಾರ್ಯಕರ್ತೆಯರು ಬಿಸಿಲಿನಲ್ಲಿ ಮನೆಮನೆ ಹತ್ತಿಳಿದು ಡ್ರಮ್ಮು, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ತೊಟ್ಟಿಯಲ್ಲಿ ಲಾರ್ವಾ ಹುಡುಕಿ ಬರೆದುಕೊಂಡು ಹೋಗುವ ವಿವರ ಆ ಬೀದಿಯವರಿಗೇ ಮರಳಿ ಬಂದರೆ ಅವರ ಶ್ರಮ ಸಾರ್ಥಕವಾದೀತು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ನೀರು ನಿಲ್ಲಿಸಿದವರಿಗೆ ದಂಡವನ್ನೂ ಗೊತ್ತುಪಡಿಸಿದೆ. ದಂಡ ತೆರಬೇಕಾದವರಿಗೆ ಮುನ್ಸೂಚನೆಯೂ ದೊರೆಯುವುದು ನ್ಯಾಯವಷ್ಟೆ.

ಆದ್ದರಿಂದ, ಖಚಿತಪಟ್ಟ ಡೆಂಗಿ ಮತ್ತು ಇಲಿ ಜ್ವರದ ಪ್ರಕರಣಗಳನ್ನೂ ಲಾರ್ವಾ ಸಿಕ್ಕ ತಾಣಗಳ ಸಂಖ್ಯೆಯನ್ನೂ ಪ್ರತಿ ಸೋಮವಾರ ಬೀದಿವಾರು ವಾರ್ಡ್ ಕಚೇರಿಯ ಫಲಕದಲ್ಲಿ ಮತ್ತು ಜಾಲತಾಣದಲ್ಲಿ ಪ್ರಕಟಿಸಲು ಆದೇಶಿಸಬೇಕೆಂದು ಕೋರುತ್ತೇವೆ. ರೋಗಿಯ ಹೆಸರು, ಮನೆ ಸಂಖ್ಯೆ, ಸಮುದಾಯ ಯಾವುದೂ ಅದರಲ್ಲಿ ಇರಕೂಡದು. ಮನೆ ಗುರುತಿಸುವಷ್ಟು ಚಿಕ್ಕ ಬೀದಿಯಾದರೆ ಪಕ್ಕದ ಬೀದಿಯೊಡನೆ ಸೇರಿಸಿ ಕೊಟ್ಟರೆ ಸಾಕು. ಈ ಒಂದು ಷರತ್ತನ್ನು ನಾವು ಒತ್ತಿ ಹೇಳುವುದಕ್ಕೆ ಮಾಂಡ್ವಿಯ ಅನುಭವವೇ ಕಾರಣ. ಗುರುತು ಹೊರಬೀಳುವ ಭಯವಿದ್ದರೆ ಜನ ರಕ್ತಪರೀಕ್ಷೆಗೇ ಹೋಗುವುದಿಲ್ಲ.

ಇದರೊಂದಿಗೆ, ಪಾಲಿಕೆಯ ದಾಖಲೆ ಕೊಠಡಿಗಳಲ್ಲಿ ಪ್ಲೇಗು ಕಾಲದ ಮರಣ ನೋಂದಣಿ ಪುಸ್ತಕ, ಬಡಾವಣೆಯ ನಕ್ಷೆ, ತಪಾಸಣಾ ಕಡತಗಳು ಉಳಿದಿದ್ದಲ್ಲಿ ಅವುಗಳನ್ನು ಹಳೆಯ ಕಾಗದವೆಂದು ವಿಲೇವಾರಿ ಮಾಡದೆ, ಸ್ಕ್ಯಾನ್ ಮಾಡಿಸಿ ರಾಜ್ಯ ಪತ್ರಾಗಾರಕ್ಕೆ ಒಪ್ಪಿಸಬೇಕೆಂದೂ ಪ್ರಾರ್ಥಿಸುತ್ತೇವೆ. ನಕ್ಷೆಯ ಮೇಲೆ ಬೀದಿಗಳನ್ನು ಗುರುತಿಸುವ ಕೆಲಸಕ್ಕೆ ಬಡಾವಣೆಯ ನಿವೃತ್ತ ಎಂಜಿನಿಯರುಗಳೂ ಕಾಲೇಜು ವಿದ್ಯಾರ್ಥಿಗಳೂ ಸಂಭಾವನೆಯಿಲ್ಲದೆ ಕೈಜೋಡಿಸಲು ಸಿದ್ಧರಿದ್ದಾರೆ. ಮುಂಗಾರು ಬಿರುಸಾಗುವ ಮುನ್ನ ತಮ್ಮ ಕಚೇರಿಯಲ್ಲಿ ಒಂದು ಸಭೆಗೆ ದಿನ ಗೊತ್ತುಮಾಡಿದರೆ ನಮ್ಮ ಪ್ರತಿನಿಧಿಗಳು ನಕ್ಷೆಯ ಮಾದರಿಯೊಡನೆ ಹಾಜರಾಗುತ್ತಾರೆ.

ವಂದನೆಗಳೊಂದಿಗೆ,

ಇತಿ ತಮ್ಮ ವಿಶ್ವಾಸಿಗಳು,
ಪುಲಕೇಶಿನಗರ ಬಡಾವಣೆಯ ನಿವಾಸಿಗಳು
(ಸಹಿಗಳ ಪುಟ ಲಗತ್ತಿಸಿದೆ)