ಬೆಳಗಿನ ಬಸ್ಸಿನಲ್ಲಿ ಹಾಡು: ಒಂದು ಸೂಚನೆ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗುವ ನಮ್ಮ ಬಸ್ಸಿನಲ್ಲಿ ಸೋಮವಾರ ಮೂರು ಮೊಬೈಲ್‌ಗಳು ಒಟ್ಟಿಗೆ ಹಾಡಿದವು. ಒಂದರಲ್ಲಿ ಭಾವಗೀತೆ, ಇನ್ನೊಂದರಲ್ಲಿ ಯಕ್ಷಗಾನದ ಚೆಂಡೆ, ಮತ್ತೊಂದರಲ್ಲಿ ಅರ್ಧ ನಿಮಿಷಕ್ಕೊಮ್ಮೆ ಬದಲಾಗುವ ರೀಲ್ಸ್. ಮಂಡಗದ್ದೆ ದಾಟುವಷ್ಟರಲ್ಲಿ ನನಗೆ ತಲೆನೋವು ಹಿಡಿದಿತ್ತು.

ನಾಳೆಯಿಂದ ದಯವಿಟ್ಟು ಇಯರ್‌ಫೋನ್ ತನ್ನಿ. ಸರ್ಕಾರಿ ಬಸ್ಸುಗಳಲ್ಲಿ ಮೊಬೈಲಿನಿಂದ ಜೋರಾಗಿ ಹಾಡು ಹಾಕುವುದನ್ನು 2021ರಲ್ಲೇ ನಿಷೇಧಿಸಲಾಗಿದೆ. ನಮ್ಮದು ಖಾಸಗಿ ಬಸ್ಸು ಎಂಬ ವಾದ ಬೇಡ, ಕಿವಿ ಎಲ್ಲಿದ್ದರೂ ಕಿವಿಯೇ. ಚಾಲಕರು ಹಾಕುವ ಹಾಡಿಗೆ ಮಾತ್ರ ವಿನಾಯಿತಿ. ಆ ತಿರುವುಗಳಲ್ಲಿ ಅವರು ಎಚ್ಚರವಾಗಿರುವುದು ಮುಖ್ಯ.

ದಾರಿಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ ಎಂದು ಗೊಣಗುವವರು ರಾತ್ರಿಯೇ ಹಾಡು ಇಳಿಸಿಕೊಳ್ಳಿ. ಇಲ್ಲವೇ ಎಫ್‌ಎಂ ಇರುವ ಹಳೆಯ ಮೊಬೈಲ್ ಹುಡುಕಿ ತೆಗೆಯಿರಿ. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿಯನ್ನು ಅದರಲ್ಲಿ ಕೇಳಲು ಡೇಟಾ ಬೇಡ, ತಂತಿಯ ಇಯರ್‌ಫೋನೇ ಆಂಟೆನಾ. ನನ್ನ ಅಮ್ಮ ಅಡಿಕೆ ಸುಲಿಯುವಾಗ ಇಂದಿಗೂ ಕೇಳುವುದು ರೇಡಿಯೊವನ್ನೇ. ಮೆಟ್ಟುಗತ್ತಿಯ ಮುಂದೆ ಕುಳಿತವರಿಗೆ ಮೊಬೈಲ್ ಒತ್ತಲು ಕೈಯೂ ಬಿಡುವಿಲ್ಲ, ನೋಡಲು ಕಣ್ಣೂ ಬಿಡುವಿಲ್ಲ.

ಬಸ್ಸಿಳಿದು ರಸ್ತೆ ದಾಟುವಾಗ ಇಯರ್‌ಫೋನ್ ಜೇಬಿನಲ್ಲಿರಲಿ.

ಯಕ್ಷಗಾನದವರು ಬೇಸರಿಸಬೇಡಿ. ಶನಿವಾರ ಸಂಜೆ ಮರಳುವಾಗ ಎಲ್ಲರೂ ಒಪ್ಪಿದರೆ ಚೆಂಡೆ ಜೋರಾಗಿಯೇ ಕೇಳಿಸಲಿ. ಆದರೆ ಮೊದಲು ಮುಂದಿನ ಸೀಟಿನಲ್ಲಿ ಕೂರುವ ಅಜ್ಜಿಯನ್ನು ಒಂದು ಮಾತು ಕೇಳಿ.