ಅಕ್ಕ ಆ ರಾತ್ರಿ ಮನೆಗೆ ಹೋಗಲಿಲ್ಲ

ಕಳೆದ ವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಅದಾಗಿ ನಾಲ್ಕು ದಿನಕ್ಕೆ ಸಹಾಯಕ ಪ್ರಾಧ್ಯಾಪಕಿಯಾಗಿ ನೇಮಕದ ಪತ್ರವೂ ಕೈ ಸೇರಿತು. ಫೋನ್ ಮಾಡಿದವರ ಹತ್ತಿರ ಸರಿಯಾಗಿ ಮಾತಾಡೋಕೂ ಆಗಲಿಲ್ಲ, ಗಂಟಲು ಕಟ್ಟುತ್ತಿತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ದಾವಣಗೆರೆಯಿಂದ ಬೆಂಗಳೂರಿಗೆ ಓದೋಕೆ ಬಂದ ಹೊಸದರಲ್ಲಿ ಅಪ್ಪ ಕೇಳಿದ್ದರು, "ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಆಪರೇಷನ್ ಥಿಯೇಟರ್ ಒಳಗೆ ನಿಂಗೇನಮ್ಮ ಕೆಲಸ?" ಬೆನ್ನುಮೂಳೆ ಆಪರೇಷನ್ ನಡೆಯುವಾಗ ರೋಗಿಗೆ ಎಚ್ಚರ ಇರಲ್ಲ, ಕಾಲಿನ ಶಕ್ತಿ ಹೋಗ್ತಿದೆ ಅಂತ ಅವರು ಹೇಳಲಾರರು, ನೆತ್ತಿಯಲ್ಲಿ ಕರೆಂಟ್ ಕೊಟ್ಟು ಕಾಲಿನ ಸ್ನಾಯುವಿನಲ್ಲಿ ಉತ್ತರ ಬರುತ್ತಾ ಅಂತ ನಾವು ನೋಡ್ತಾ ಇರ್ತೀವಿ ಅಂದೆ. ಅಪ್ಪ ಲೈನ್‌ಮ್ಯಾನ್ ಆಗಿದ್ದವರು. "ಹಂಗಾದ್ರೆ ಲೈನ್ ಚೆಕ್ ಮಾಡೋದು ಅನ್ನು" ಅಂದರು. ಇವತ್ತಿಗೂ ನನ್ನ ಕೆಲಸವನ್ನು ಅದಕ್ಕಿಂತ ಚೆನ್ನಾಗಿ ಹೇಳೋಕೆ ನನಗೆ ಬರಲ್ಲ. ಅಪ್ಪ, ಅಮ್ಮ, ಈ ಪದವಿ ನಿಮ್ಮದು.

ಐದು ವರ್ಷ ನನ್ನ ಅರೆಬರೆ ಡ್ರಾಫ್ಟ್‌ಗಳನ್ನು ಸಾಲು ಸಾಲಾಗಿ ಓದಿದ ಗೈಡ್ ಮೇಡಂ, ಅರಿವಳಿಕೆ ಗ್ಯಾಸ್ ಜಾಸ್ತಿಯಾದರೆ ನಮ್ಮ ಸಿಗ್ನಲ್ ಮಂಕಾಗುತ್ತೆ ಅಂತ ನಾನು ಪ್ರತಿಸಲ ಕೇಳಿಕೊಂಡಾಗಲೂ ಬೇಸರಿಸದೆ ರಕ್ತನಾಳಕ್ಕೆ ಕೊಡುವ ಅರಿವಳಿಕೆ ಔಷಧ ಪ್ರೊಪೋಫಾಲ್‌ನಲ್ಲೇ ನಡೆಸಿಕೊಟ್ಟ ಅನಸ್ತೇಷಿಯಾ ಬಳಗ, ಲೆಕ್ಕಾಚಾರ ಹೇಳಿಕೊಟ್ಟ ಸರ್, ಹಾಸ್ಟೆಲ್‌ನಲ್ಲಿ ರಾತ್ರಿ ಊಟ ಎತ್ತಿಟ್ಟ ಗೆಳತಿಯರು, ಎಲ್ಲರಿಗೂ ಕೈಮುಗಿದು ನಮಸ್ಕಾರ.

ಇನ್ನು ಅಕ್ಕ.

ಹೆಸರು ಬರೆಯಬೇಡ ಅಂದಿದ್ದಾರೆ, ಬರೆಯುವುದಿಲ್ಲ. ನಮ್ಮ ವಿಭಾಗದಲ್ಲಿ ಅವರಿಗೆ ಅಕ್ಕ ಅಂತಲೇ ಹೆಸರು. ಧಾರವಾಡದ ಕಡೆಯವರು. ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಯಂತ್ರದ ಪೆನ್ನುಗಳು ಕಾಗದದ ಮೇಲೆ ಗೀಚುತ್ತಿದ್ದ ಕಾಲದಲ್ಲಿ ಟೆಕ್ನಿಷಿಯನ್ ಆಗಿ ಸೇರಿದವರು. ಆಗ ಪೆನ್ನಿಗೆ ಶಾಯಿ ತುಂಬುವುದೂ ಇವರ ಕೆಲಸವೇ. ನಾನು ಪುಸ್ತಕದಲ್ಲಿ ಓದಿದ್ದನ್ನು ಅವರು ಕೈಯಲ್ಲಿ ತೋರಿಸಿದರು.

ಒಂದೇ ಒಂದು ಹೇಳುತ್ತೇನೆ. ನೆತ್ತಿಗೆ ಕರೆಂಟ್ ಕೊಟ್ಟ ತಕ್ಷಣ ದವಡೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ನಡುವೆ ನಾಲಿಗೆ ಸಿಕ್ಕರೆ ಗಾಯ. ಅಕ್ಕ ಗಾಜ್ ಬಟ್ಟೆಯನ್ನು ಬತ್ತಿ ಹೊಸೆದ ಹಾಗೆ ಹೊಸೆದು ಎರಡು ದಪ್ಪ ಸುರುಳಿ ಮಾಡುತ್ತಿದ್ದರು. ಎರಡೂ ಕಡೆಯ ದವಡೆ ಹಲ್ಲಿನ ನಡುವೆ ಇಡುತ್ತಿದ್ದರು. ಆಮೇಲೆ ಗ್ಲೌಸ್ ಹಾಕಿದ ಬೆರಳಿನಿಂದ ನಾಲಿಗೆ ಎಲ್ಲಿದೆ ಅಂತ ಮುಟ್ಟಿ ನೋಡುತ್ತಿದ್ದರು. ರೋಗಿಯನ್ನು ಬೋರಲು ಮಲಗಿಸಿದ ಮೇಲೆ ಮಂಡಿಯೂರಿ, ಟೇಬಲ್ ಕೆಳಗಿಂದ ತಲೆ ಎತ್ತಿ, ಮತ್ತೊಂದು ಸಲ ನೋಡುತ್ತಿದ್ದರು. ಅವರ ಮಂಡಿನೋವು ನಮಗೆಲ್ಲ ಗೊತ್ತು. ಆದರೂ ಆ ಎರಡನೇ ಸಲ ಒಂದು ದಿನವೂ ತಪ್ಪಿಲ್ಲ.

ಒಮ್ಮೆ ಒಬ್ಬ ಹುಡುಗಿಗೆ ಬೆನ್ನುಮೂಳೆಯ ಆಪರೇಷನ್ ಇತ್ತು. ಆ ದಿನ ಏನಾಯಿತು ಅನ್ನುವುದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಮತ್ತೆ ಅದನ್ನೆಲ್ಲ ಬರೆಯಲ್ಲ, ಇಷ್ಟು ಮಾತ್ರ ಹೇಳುತ್ತೇನೆ. ಸೊಟ್ಟಗಿದ್ದ ಬೆನ್ನನ್ನು ರಾಡ್ ಹಾಕಿ ನೇರ ಮಾಡುವಾಗ ಎಡಗಾಲಿನ ಸಿಗ್ನಲ್ ಬಿತ್ತು. ನಾನು ನೋಡಿದೆ. ಬಿಪಿ ಇಳಿದಿದ್ದಕ್ಕೆ ಇರಬಹುದು ಅಂದುಕೊಂಡೆ. ಎಲೆಕ್ಟ್ರೋಡ್ ಸಡಿಲವಾಗಿದೆಯಾ ಅಂತ ವೈರ್ ಮುಟ್ಟಿ ನೋಡಿದೆ. ಇನ್ನೊಂದು ಸಲ ಕರೆಂಟ್ ಕೊಟ್ಟೆ. ಮತ್ತೊಂದು ಸಲ. ಮೆಲ್ಲಗೆ "ಸರ್" ಅಂದೆ, ಯಾರಿಗೂ ಕೇಳಿಸಲಿಲ್ಲ. ಗಟ್ಟಿಯಾಗಿ ಹೇಳಿದ ಮೇಲೆ ಎಲ್ಲರೂ ತಕ್ಷಣ ಮಾಡಬೇಕಾದ್ದನ್ನು ಮಾಡಿದರು. ರಾಡ್ ಸಡಿಲಿಸಿದರು, ಬಿಪಿ ಏರಿಸಿದರು, ಬೆಚ್ಚಗಿನ ಸಲೈನ್ ಹಾಕಿದರು. ಸಿಗ್ನಲ್ ಅರ್ಧಂಬರ್ಧ ವಾಪಸ್ ಬಂತು. ಸಂಜೆ ಎಚ್ಚರವಾದಾಗ ಹುಡುಗಿಗೆ ಎಡ ಪಾದ ಎತ್ತೋಕೆ ಆಗಲಿಲ್ಲ.

ನಾನು ಮೆಷಿನ್ ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಈ ಕೆಲಸ ಬಿಡಬೇಕು ಅನ್ನಿಸಿತು. ನಿಜ ಹೇಳಬೇಕೆಂದರೆ, ಬದುಕಿರೋದೇ ಬೇಡ ಅನ್ನಿಸಿತು. ಇದನ್ನು ಇಷ್ಟು ವರ್ಷ ಅಮ್ಮನಿಗೂ ಹೇಳಿರಲಿಲ್ಲ.

ಅಕ್ಕನ ಡ್ಯೂಟಿ ನಾಲ್ಕಕ್ಕೇ ಮುಗಿದಿತ್ತು. ಬಸ್ ಹಿಡಿದು ಮನೆ ಸೇರಿದ್ದವರು ಯಾರದೋ ಫೋನ್ ಬಂತು ಅಂತ ರಾತ್ರಿ ಎಂಟೂವರೆಗೆ ವಾಪಸ್ ಬಂದರು. ಕೈಯಲ್ಲಿ ಡಬ್ಬಿ. ಒಳಗೆ ಎರಡು ರೊಟ್ಟಿ, ಶೇಂಗಾ ಚಟ್ನಿ. ನಾನು ತಿನ್ನುವ ತನಕ ಒಂದು ಮಾತೂ ಆಡಲಿಲ್ಲ. ಆಮೇಲೆ ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕೂತು, "ರೆಕಾರ್ಡಿಂಗ್ ತಗೀ. ಮೊದಲಿಂದ ನೋಡೂಣು" ಅಂದರು.

"ನಿನ್ನ ತಪ್ಪೇನಿಲ್ಲ ಬಿಡು" ಅಂತ ಅಕ್ಕ ಒಂದು ಸಲವೂ ಹೇಳಲಿಲ್ಲ. ಎಲ್ಲರೂ ಅದನ್ನೇ ಹೇಳುತ್ತಿದ್ದರು, ಕೇಳಿದಷ್ಟೂ ನನಗೆ ಹಿಂಸೆಯಾಗುತ್ತಿತ್ತು. ಅಕ್ಕ ಒಂದು ಹಳೆಯ ಇಇಜಿ ಕಾಗದದ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಗೆರೆ ಎಳೆದು ಸಮಯ ಬರೆಯುತ್ತಾ ಹೋದರು. ಸಿಗ್ನಲ್ ಬಿದ್ದದ್ದು ಎಷ್ಟೊತ್ತಿಗೆ. ನಾನು ಎರಡನೇ ಸಲ ನೋಡಿದ್ದು ಎಷ್ಟೊತ್ತಿಗೆ. ಬಾಯಿಬಿಟ್ಟು ಹೇಳಿದ್ದು ಎಷ್ಟೊತ್ತಿಗೆ. ಕೊನೆಗೆ ಕಳೆದು ನೋಡಿದರು. ಏಳು ನಿಮಿಷ.

"ಏಳು ನಿಮಿಷ ಯಾಕ ಸುಮ್ನಿದ್ದಿ?"

ಖಾತ್ರಿ ಇರಲಿಲ್ಲ ಅಕ್ಕಾ, ಹೆದರಿಕೆ ಆಯ್ತು ಅಂದೆ.

"ಖಾತ್ರಿ ಆಮ್ಯಾಲ ಮಾಡ್ಕೋಬಹುದವ್ವಾ. ಮೊದಲು ಹೇಳಬೇಕು."

ಅವತ್ತು ರಾತ್ರಿ ಹಳೆಯ ದಿನಗಳ ಕಥೆ ಹೇಳಿದರು. ಆಪರೇಷನ್ ಮಧ್ಯೆ ರೋಗಿಯನ್ನು ಅರೆ ಎಚ್ಚರ ಮಾಡಿ, ಕಾಲು ಆಡಿಸು ಅಂತ ಕೇಳುವ ಪರೀಕ್ಷೆಯೊಂದಿದೆ. ಫ್ರಾನ್ಸಿನ ಸರ್ಜನ್ ಸ್ಟಾಗ್ನಾರಾ ಮತ್ತು ಸಂಗಡಿಗರು 1973ರಲ್ಲಿ ಅದರ ಬಗ್ಗೆ ಬರೆದರು. ನಮಗೆ ಅದು ಪಾಠದಲ್ಲಿ ಒಂದು ಪ್ಯಾರಾ. ಅಕ್ಕ ಅದನ್ನು ಕಣ್ಣಾರೆ ಕಂಡವರು. "ಎಲ್ಲಾರೂ ಆ ಕೂಸಿನ ಕಾಲು ನೋಡ್ಕೋತ ನಿಂತಿರ್ತಿದ್ವಿ. ಹೆಬ್ಬೆರಳು ಅಲುಗಿದ್ರ ಸಾಕು, ಜೀವ ಬಂದಂಗ ಆಗ್ತಿತ್ತು" ಅಂದರು. ಹೇಳುತ್ತಾ ಅವರ ಕಣ್ಣೂ ತುಂಬಿತ್ತು. ನಾನೊಬ್ಬಳೇ ಅಲ್ಲ, ಈ ಕೆಲಸ ಮಾಡಿದವರೆಲ್ಲ ಹೀಗೆ ಉಸಿರು ಹಿಡಿದು ನಿಂತವರೇ ಅಂತ ಆಗ ಗೊತ್ತಾಯಿತು.

ಬೆಳಗಿನ ಜಾವ ಐದರ ಹೊತ್ತಿಗೆ ಐಸಿಯು ಸಿಸ್ಟರ್ ಬಂದು ಕರೆದರು. ಅಕ್ಕ ನನ್ನ ಕೈ ಹಿಡಿದುಕೊಂಡೇ ಒಳಗೆ ಹೋದರು. ಹೊದಿಕೆ ಸರಿಸಿ, ಪಾದದ ಕೆಳಗೆ ಅಂಗೈ ಇಟ್ಟು, "ಎಲ್ಲಿ ಪುಟ್ಟಾ, ನನ್ನ ಕೈ ಒತ್ತು" ಅಂದರು. ಎಡಗಾಲಿನ ಹೆಬ್ಬೆರಳು ಒಂಚೂರು ಅಲುಗಿತು. ಮತ್ತೊಂದು ಸಲ ಅಲುಗಿತು. ಅಕ್ಕ ನನ್ನ ಕಡೆ ತಿರುಗಲಿಲ್ಲ. ಆ ಪಾದವನ್ನು ಹಾಗೇ ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತಿದ್ದರು.

ಪಾದ ಪೂರ್ತಿ ಸರಿಯಾಗೋಕೆ ಮೂರು ತಿಂಗಳು ಬೇಕಾಯಿತು. ಈಗ ಅವಳು ಪಿಯುಸಿ ಓದುತ್ತಿದ್ದಾಳೆ.

ಆ ಪೆನ್ಸಿಲ್ ಗೆರೆಯೇ ನನ್ನ ಪ್ರಬಂಧವಾಯಿತು. ತೆರೆಯ ಮೇಲೆ ಸಿಗ್ನಲ್ ಬಿದ್ದದ್ದಕ್ಕೂ, ಅದನ್ನು ಒಬ್ಬರು ಬಾಯಿಬಿಟ್ಟು ಹೇಳಿದ್ದಕ್ಕೂ, ಸರ್ಜನ್ ಕೈ ನಿಂತದ್ದಕ್ಕೂ ನಡುವೆ ಎಷ್ಟು ಹೊತ್ತು ಹೋಗುತ್ತೆ, ಯಾಕೆ ಹೋಗುತ್ತೆ? ಕಾಲಿನಿಂದ ಮೆದುಳಿಗೆ ಹೋಗುವ ಸಿಗ್ನಲ್ ಶೇಕಡಾ 50ರಷ್ಟು ಕುಗ್ಗಿದರೆ ಎಚ್ಚರಿಸಿ, ಶೇಕಡಾ 10ರಷ್ಟು ತಡವಾಗಿ ಬಂದರೆ ಎಚ್ಚರಿಸಿ ಅಂತೆಲ್ಲ ನಮ್ಮ ಪುಸ್ತಕಗಳು ಹೇಳುತ್ತವೆ. ಇಪ್ಪತ್ತಮೂರು ವರ್ಷದ ಹುಡುಗಿಯೊಬ್ಬಳು ಥಿಯೇಟರ್‌ನ ಮೂಲೆಯಿಂದ ಹಿರಿಯ ಸರ್ಜನ್‌ಗೆ ನಿಲ್ಲಿಸಿ ಅನ್ನೋದು ಹೇಗೆ ಅಂತ ಹೇಳಲ್ಲ. ನಮ್ಮ ತರಬೇತಿಯಲ್ಲೇ ಆ ಪಾಠ ಇರಬೇಕು ಅಂತ ನಾನು ಬಲವಾಗಿ ನಂಬಿದ್ದೇನೆ. ವೈವಾದಲ್ಲಿ ಪರೀಕ್ಷಕರು "ಈ ಪ್ರಶ್ನೆ ನಿಮಗೆ ಎಲ್ಲಿಂದ ಬಂತು?" ಅಂದಾಗ ಅಕ್ಕನ ಹೆಸರು ಹೇಳಿದೆ. ಅಲ್ಲಿ ಹೇಳಬೇಡ ಅಂದಿರಲಿಲ್ಲ ಅಲ್ವಾ.

ಅಕ್ಕ ಈ ಏಪ್ರಿಲ್‌ನಲ್ಲಿ ನಿವೃತ್ತರಾದರು. ಮೊನ್ನೆ ಭಾನುವಾರ ನೇಮಕದ ಪತ್ರ ಹಿಡಿದು ಅವರ ಮನೆಗೆ ಹೋಗಿದ್ದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು, ದೇವರ ಮುಂದೆ ಇಟ್ಟರು. ಬರುವ ಸೋಮವಾರ ನನ್ನ ಮೊದಲ ಕ್ಲಾಸು, ನೀವು ಬಂದು ಹುಡುಗರಿಗೆ ಗಾಜ್ ಸುತ್ತೋದು ತೋರಿಸಬೇಕು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಎಷ್ಟು ಮಂದಿ ಅದಾರ?" ಅಂದರು.

ಹನ್ನೆರಡು ಜನ ಅಂದೆ.

"ಹಂಗಾರ ಗಾಜ್ ಜಾಸ್ತಿ ತರಿಸಿಡು. ಎಲ್ಲಾರ ಕೈಲೂ ಮಾಡಸ್ತೀನಿ."